ಕಾಕಾ ಓದಿದ ಇಂಗ್ಲಿಷ್ ಪುಟ

ಪುಟದ ಕೊನೆಯ ಐದು ಸಾಲುಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ಕೂದಲು ತೂರಿಸುವಷ್ಟೂ ಜಾಗವಿಲ್ಲ. ಮೇಲಿನ ಸಾಲುಗಳೆಲ್ಲ ಆರಾಮವಾಗಿ ಕುಳಿತಿವೆ. ಕೆಳಗೆ ಬರುತ್ತಿದ್ದ ಹಾಗೆ ಅಕ್ಷರಗಳು ಬಸ್ಸಿನ ಬಾಗಿಲಲ್ಲಿ ನಿಂತವರಂತೆ ಒತ್ತಿಕೊಂಡಿವೆ. ಕೆಲವು ಪದಗಳನ್ನು ಮೊಟಕು ಮಾಡಿ ತಲೆಯ ಮೇಲೊಂದು ಗೆರೆ ಹಾಕಲಾಗಿದೆ.

ಈ ಪುಟದ ಚಿತ್ರ ಕಳೆದ ಶುಕ್ರವಾರ ಸಂಜೆ ಮತ್ತೆ ನನ್ನೆದುರು ಬಂತು. ನನ್ನ ಲೇಖನವೊಂದು ಪುಸ್ತಕದಲ್ಲಿ ಸೇರುತ್ತಿದೆ, ಅದರ ಕೊನೆಯ ಪ್ರೂಫ್. ಲೈಡನ್ನಿನ ನನ್ನ ಕೋಣೆಯಲ್ಲಿ ಕುಳಿತು ಅದನ್ನು ನೋಡುತ್ತಿದ್ದಾಗ, ಆ ಐದು ಸಾಲುಗಳ ಮೇಲೆ ಒಂದು ಬೆರಳು ಸರಿದ ಹಾಗಾಯಿತು... ಉಗುರು ಚಪ್ಪಟೆಯಾದ, ತುದಿ ಸವೆದ ಬೆರಳು. ಅದು ಕಾಕಾ ಅವರದು.

ಏಳು ವರ್ಷದ ಹಿಂದೆ ನಾನು ಹಾಲೆಂಡಿನ ಲೈಡನ್ನಿಗೆ ಓದಲು ಬಂದಾಗ ಊರೊಳಗೆ ಬಾಡಿಗೆಗೆ ಕೋಣೆ ಸಿಗಲಿಲ್ಲ. ಹತ್ತಿರದ ಜೂಟರ್‌ಮೀರ್‌ನಲ್ಲಿ ಹುಬ್ಬಳ್ಳಿಯ ಅಕ್ಕ ಒಬ್ಬರು ತಮ್ಮ ಮನೆಯ ಮೇಲಿನ ಕೋಣೆ ಕೊಟ್ಟರು. ಅವರು ಇಂಜಿನಿಯರ್, ಅವರ ಗಂಡನೂ ಇಂಜಿನಿಯರ್. ಇಬ್ಬರೂ ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಆರಕ್ಕೆ ಬರುವವರು. ಮಾರ್ಚ್‌ನಲ್ಲಿ ಅಕ್ಕನ ತಂದೆ ತೊಂಬತ್ತು ದಿನಗಳ ವೀಸಾದ ಮೇಲೆ ಬಂದರು. "ಅಂಕಲ್ ಗಿಂಕಲ್ ಅನಬ್ಯಾಡ, ಅಪ್ಪಾಗ ಸೇರೂದಿಲ್ಲ. ಕಾಕಾ ಅನ್ನು" ಎಂದಿದ್ದರು ಅಕ್ಕ. ಹಾಗಾಗಿ ಮೈಸೂರಿನವಳಾದ ನನಗೂ ಅವರು ಕಾಕಾ ಆದರು.

ಮೊದಲ ಎರಡು ವಾರ ನಾವು ಹೆಚ್ಚು ಮಾತಾಡಲಿಲ್ಲ. ತಪ್ಪು ನನ್ನದೇ, ಒಂದೇ ಅಡುಗೆಮನೆಯಲ್ಲಿ ಇದ್ದೂ ಮಾತು ತಪ್ಪಿಸಿಕೊಳ್ಳುವುದು ನನಗೆ ಚೆನ್ನಾಗಿ ಬರುತ್ತದೆ. ಅವರು ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡು, ಬಾಗಿಲ ಕಿಂಡಿಯಿಂದ ಬಿದ್ದ ಅಂಗಡಿಗಳ ಜಾಹೀರಾತು ಹಾಳೆಗಳನ್ನು ಮೇಜಿನ ಮೇಲೆ ಹರಡಿ ಜೋರಾಗಿ ಓದುತ್ತಿದ್ದರು. ಡಚ್ ಅವರಿಗೆ ಒಂದಕ್ಷರವೂ ಗೊತ್ತಿರಲಿಲ್ಲ. "ಆರ್ಡ್... ಅಪ್... ಪೆಲೆನ್. ಮ್ಯಾಲೆ ಆಲೂಗಡ್ಡಿ ಚಿತ್ರ ಐತಿ. ಅಂದಮ್ಯಾಲೆ ಇದು ಆಲೂಗಡ್ಡಿನ." ಒಂದು ದಿನ ನನಗೆ ನಗು ತಡೆಯಲಾಗಲಿಲ್ಲ. ಅವರು ಕನ್ನಡಕದ ಮೇಲಿಂದ ನೋಡಿದರು. "ನಗಾಕ ಬರ್ತೈತಲ್ಲ ತಂಗಿ ನಿನಗ! ಮೈಸೂರ ಮಂದಿ ನಗಾಕೂ ಅರ್ಜಿ ಹಾಕ್ತೀರಿ ಅಂತ ತಿಳಿದಿದ್ದೆ."

ನಾನು ಆಗ ಹಳೆಯ ಮುದ್ರಿತ ಪುಸ್ತಕಗಳ ಬಗ್ಗೆ ಓದುತ್ತಿದ್ದೆ. ಇಂಗ್ಲಿಷಿನಲ್ಲಿ ಅಚ್ಚಾದ ಮೊಟ್ಟಮೊದಲ ಪುಸ್ತಕ ಇಂಗ್ಲೆಂಡಿನಲ್ಲಿ ಅಚ್ಚಾದದ್ದಲ್ಲ. ಲೈಡನ್ನಿನಿಂದ ರೈಲಿನಲ್ಲಿ ಮೂರು ತಾಸಿನ ದೂರದಲ್ಲಿ, ಈಗ ಬೆಲ್ಜಿಯಮ್ಮಿಗೆ ಸೇರಿದ ಒಂದು ಊರಿನಲ್ಲಿ ಅಚ್ಚಾದದ್ದು. ಆಮೇಲೂ ಇಂಗ್ಲೆಂಡಿನಲ್ಲಿ ಅಚ್ಚು ಹಾಕಲು ಬಿಡದ ಎಷ್ಟೋ ಬರಹಗಳನ್ನು ಈ ಕಡೆಯ ದೇಶಗಳಲ್ಲಿ ಅಚ್ಚು ಮಾಡಿ ಹಡಗಿನಲ್ಲಿ ಗುಟ್ಟಾಗಿ ಸಾಗಿಸುತ್ತಿದ್ದರು. ನನ್ನ ಪ್ರಬಂಧದ ವಿಷಯ ಅಂಥದೇ ಒಂದು ಕಿರುಪುಸ್ತಕ. ನಾನೂರು ವರ್ಷದ ಹಿಂದಿನದು, ಧರ್ಮದ ವಾದವಿವಾದದ್ದು. ಮುದ್ರಕರ ಹೆಸರಿಲ್ಲ, ಊರಿನ ಹೆಸರಿಲ್ಲ. ಅದರ ಮೂರನೆಯ ಪುಟದ ಕೊನೆಯಲ್ಲಿ ಆ ಇಕ್ಕಟ್ಟಾದ ಐದು ಸಾಲುಗಳು. ಇಂಗ್ಲಿಷ್ ತಿಳಿಯದ ಪರದೇಶಿ ಕೆಲಸಗಾರನ ಅಡ್ಡಾದಿಡ್ಡಿ ಕೆಲಸ ಎಂದು ಹಿಂದಿನವರು ಬರೆದಿದ್ದರು. ನನ್ನ ಮಾರ್ಗದರ್ಶಕಿಗೂ ಹೆಚ್ಚುಕಡಿಮೆ ಅದೇ ಅಭಿಪ್ರಾಯ. ನನಗೂ ಬೇರೆ ಏನೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಆ ಪುಟದ ದೊಡ್ಡ ಪ್ರತಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆ. ಕಾಕಾ ಚಹಾದ ಬಟ್ಟಲು ಹಿಡಿದು ಎದುರಿಗೆ ಕುಳಿತರು. ಸ್ವಲ್ಪ ಹೊತ್ತಿಗೆ ಓದತೊಡಗಿದರು. ಒಂದೊಂದೇ ಅಕ್ಷರ, ತಪ್ಪಿಲ್ಲದೆ, ನಾನು ನೇರವಾಗಿ ಓದುವುದಕ್ಕಿಂತ ಬೇಗ. ಆ ಹಳೆಯ ಅಕ್ಷರಗಳನ್ನು ಗುರುತಿಸಲು ನನಗೆ ಒಂದು ಇಡೀ ಸೆಮಿಸ್ಟರ್ ಹಿಡಿದಿತ್ತು.

"ಕಾಕಾ, ನಿಮ್ಮ ಕಡೆಗೆ ತಿರುಗಿಸ್ತೀನಿ ಇರಿ. ಉಲ್ಟಾ ಇದೆ."

"ಇರಲಿ ಬಿಡು. ನನಗ ಉಲ್ಟಾನ ಸುಲಭ. ನಲವತ್ತು ವರ್ಷ ಹಂಗ ಓದೀನಿ."

ಅವರು ಕಂಪೋಸಿಟರ್ ಆಗಿದ್ದರು ಎಂಬುದು ಆ ದಿನ ಗೊತ್ತಾಯಿತು. ಹುಬ್ಬಳ್ಳಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುವ ಕೆಲಸ; ಜೋಡಿಸುವವನಿಗೆ ಆ ಸಾಲು ಯಾವಾಗಲೂ ತಲೆಕೆಳಗಾಗಿಯೇ ಕಾಣುತ್ತದಂತೆ. ಆಫ್‌ಸೆಟ್ ಬಂದ ಮೇಲೆ ಮೊಳೆಗಳನ್ನೆಲ್ಲ ಕರಗಿಸಲು ಮಾರಿದರಂತೆ. ಕನ್ನಡ ಮಾತ್ರವಲ್ಲ, ಇಂಗ್ಲಿಷ್ ಕೆಲಸವನ್ನೂ ಅವರು ಮಾಡಿದ್ದರು.

"ಇಂಗ್ಲಿಷ್ ಓದಾಕ ಬರ್ತೈತಿ, ತಿಳಿಯೂದಿಲ್ಲ. ಧಾರವಾಡದಾಗ ಎಷ್ಟ ಮಂದಿ ಡಾಕ್ಟರೇಟ್ ಥೀಸಿಸ್ ನನ್ನ ಕೈಯಾಗ ಆಗ್ಯಾವ! ಒಂದೂ ತಿಳಿದಿಲ್ಲ." ಚಹಾ ಕುಡಿದು, "ಬರದವರಿಗೆ ಎಷ್ಟ ತಿಳಿದಿತ್ತೋ ಅದೂ ಗೊತ್ತಿಲ್ಲ" ಎಂದರು.

ಆಮೇಲೆ ಅವರ ಬೆರಳು ಕೆಳಗಿನ ಐದು ಸಾಲುಗಳ ಮೇಲೆ ನಿಂತಿತು. ಹಿಂದಿನವರು ಏನು ಬರೆದಿದ್ದಾರೆಂದು ಹೇಳಿದೆ. ಅವರಿಗೆ ನಿಜವಾಗಿ ಸಿಟ್ಟು ಬಂತು.

"ಅಡ್ಡಾದಿಡ್ಡಿ? ಯಾವಾಂವ ಅಂದಾಂವ? ಇಂವ ಭಾಳ ಛಲೋ ಕೆಲಸಗಾರ ತಂಗಿ. ಪಾಪ, ಜಾಗಾ ಸಾಲಿಲ್ಲ ಇಂವಗ. ಆದ್ರೂ ಎಲ್ಲಾ ಹಿಡಿಸ್ಯಾನ ನೋಡು."

ಜಾಹೀರಾತು ಹಾಳೆಯೊಂದನ್ನು ಎಳೆದುಕೊಂಡು ಎರಡು ಸಲ ಮಡಚಿದರು. ಮಡಿಕೆಗಳ ಮೇಲೆ ಒಂದರಿಂದ ಎಂಟರವರೆಗೆ ಪುಟದ ಅಂಕಿ ಬರೆದು ಹಾಳೆ ಬಿಚ್ಚಿದರು. ಒಂದು ಮಗ್ಗುಲಲ್ಲಿ ಒಂದು, ನಾಲ್ಕು, ಐದು, ಎಂಟು. ಇನ್ನೊಂದು ಮಗ್ಗುಲಲ್ಲಿ ಎರಡು, ಮೂರು, ಆರು, ಏಳು.

"ಪ್ರೆಸ್ಸಿನ್ಯಾಗ ಮೊಳಿ ಕಡಿಮಿ ಇದ್ದಾಗ ಎಂಟೂ ಪುಟ ಕೂಡೇ ಜೋಡಸಾಕ ಆಗೂದಿಲ್ಲ. ಮೊದಲ ಈ ಮಗ್ಗಲ ಜೋಡಿಸಿ, ಅಚ್ಚ ಹಾಕಿ, ಮೊಳಿ ಬಿಚ್ಚಿ, ಅವ ಮೊಳಿಲೇ ಆ ಮಗ್ಗಲ ಮಾಡಬೇಕು. ಅಂದ್ರ ನಾಲ್ಕನೇ ಪುಟ ಎಲ್ಲಿಂದ ಸುರು ಅಂತ ಮೊದಲ ಎಣಿಸಿ ಇಟ್ಟಿರ್ತಾರ. ಎಣಿಕಿ ತಪ್ಪೇತಿ ಇಲ್ಲಿ. ನಾಲ್ಕನೇದ್ದು ಅಚ್ಚಾಗಿ ಹೋಗೇತಿ, ಇಂವ ಮೂರನೇದ್ದು ಜೋಡಸಾಕ ಹತ್ಯಾನ. ಮ್ಯಾಟರ್ ಉಳದೈತಿ, ಜಾಗಾ ಇಲ್ಲ. ಏನ ಮಾಡ್ತೀ?"

"ಸ್ವಲ್ಪ ಬಿಟ್ಟುಬಿಡಬಹುದಿತ್ತಲ್ಲ ಕಾಕಾ?"

"ನೀ ಓದಿದಾಕಿ, ನೀ ಬಿಡ್ತೀ." ಅವರು ತಲೆಯಲ್ಲಾಡಿಸಿದರು. "ತಿಳಿಯದಾಂವ ಬಿಡೂದಿಲ್ಲ. ಯಾವುದು ಮುಖ್ಯ ಅಂತ ನಮಗೇನ ಗೊತ್ತು? ಅದಕ್ಕ ಎಲ್ಲಾ ಹಿಡಿಸಬೇಕು."

ಪುಟದ ತೀರಾ ಕೆಳಗಿದ್ದ ಒಂಟಿ ಅಕ್ಷರವನ್ನು ಅವರು ಆಗಲೇ ಗುರುತಿಸಿದ್ದರು: ಬೈಂಡಿಂಗ್ ಮಾಡುವವನು ಹಾಳೆಗಳ ಕ್ರಮ ತಪ್ಪದಿರಲೆಂದು ಹಾಕುವ ಗುರುತು, ಹುಬ್ಬಳ್ಳಿಯಲ್ಲೂ ಹಾಕುತ್ತಿದ್ದರಂತೆ. ಮೇಜಿನ ಮೇಲೆ ಇಲ್ಲದ ಮೊಳೆಗಳ ಪೆಟ್ಟಿಗೆಯ ಮೇಲೆ ಅವರ ಬಲಗೈ ಓಡಾಡಿತು. ಇಂಗ್ಲಿಷಿನ 'ಇ' ಅಕ್ಷರದ ದೊಡ್ಡ ಖಾನೆ ನಡುವೆ, ಅಪರೂಪದ ಅಕ್ಷರಗಳು ಅಂಚಿಗೆ. ನನ್ನ ಪಠ್ಯಪುಸ್ತಕದಲ್ಲಿದ್ದ ಹಳೆಯ ಯುರೋಪಿನ ಮುದ್ರಣಾಲಯದ ಚಿತ್ರದಲ್ಲೂ ಅವು ಅಲ್ಲೇ ಇದ್ದವು. ನಾನು ಶಾಲೆಯಲ್ಲಿ ಓದಿದ ಕನ್ನಡ ಪುಸ್ತಕಗಳ ಶೀರ್ಷಿಕೆಯ ಪುಟ, ಪುಟದ ಅಂಕಿ, ಪ್ಯಾರಾದ ಮೊದಲಲ್ಲಿ ಬಿಡುವ ಜಾಗ, ಪ್ರಶ್ನೆಯ ಚಿಹ್ನೆ... ಇವೆಲ್ಲ ತಾವಾಗಿ ಇದ್ದವು ಎಂದೇ ಅಲ್ಲಿಯವರೆಗೆ ಅಂದುಕೊಂಡಿದ್ದೆ. ಇಂಗ್ಲಿಷ್ ತಿಳಿಯದ ಈ ಕಡೆಯ ಯಾರೋ ಕೆಲಸಗಾರರು ಅಚ್ಚಿನಲ್ಲಿ ಇಂಗ್ಲಿಷಿಗೆ ಒಂದು ಮುಖ ಕೂಡಿಸಿದ್ದರು. ಆ ಮುಖ ಹಡಗು ಹತ್ತಿ ಹೋಗಿ, ಇನ್ನೂರು ಮುನ್ನೂರು ವರ್ಷ ಸುತ್ತಿ, ನಮ್ಮ ಭಾಷೆಗೂ ಬಂದಿತ್ತು. ಅದನ್ನು ಕೈಯಲ್ಲಿ ಹೊತ್ತವರಲ್ಲಿ ಒಬ್ಬರು, ಅವರೂ ಇಂಗ್ಲಿಷ್ ತಿಳಿಯದವರೇ, ನನ್ನೆದುರು ಟೊಪ್ಪಿಗೆ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು.

"ಖರೇನೋ ಸುಳ್ಳೋ ನೋಡಬೇಕಂದ್ರ ಒಡೆದ ಮೊಳಿ ಹುಡುಕು" ಎಂದರು ಏಳುವಾಗ. "ನಾಲ್ಕನೇ ಪುಟದಾಗ ಇದ್ದ ಒಡಕ ಮೊಳಿ ಮೂರನೇದ್ದರಾಗೂ ಸಿಕ್ಕರ ಮುಗೀತು. ಒಂದ ಮೊಳಿ ಎರಡ ಕಡೆ ಕೂಡೇ ಇರಾಕ ಆಗೂದಿಲ್ಲಲ್ಲ."

ಗ್ರಂಥಾಲಯದಲ್ಲಿ ಭೂತಗನ್ನಡಿ ಹಿಡಿದು ನಾಲ್ಕು ದಿನ ಕುಳಿತೆ. ನಾಲ್ಕನೆಯ ದಿನ ಸಿಕ್ಕಿತು: ಬಲಗಾಲು ಮುರಿದ ಒಂದು 'ಎಚ್'. ನಾಲ್ಕನೆಯ ಪುಟದ ನಡುವೆ ಒಮ್ಮೆ, ಮೂರನೆಯ ಪುಟದ ಕೊನೆಯಿಂದ ಎರಡನೆಯ ಸಾಲಿನಲ್ಲಿ ಇನ್ನೊಮ್ಮೆ. ಆ ಮುರಿದ ಕಾಲನ್ನು ನೋಡುತ್ತ ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ನಾನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಒಂದೇ ಮೊಳೆಯನ್ನು ಎರಡು ಸಲ ಕೈಗೆ ತೆಗೆದುಕೊಂಡಿದ್ದ. ಅದನ್ನು ಹುಬ್ಬಳ್ಳಿಯ ಇನ್ನೊಬ್ಬರು ನೋಡದೆಯೇ ಹೇಳಿದ್ದರು.

ಮನೆಗೆ ಬಂದು ಹೇಳಿದಾಗ ಕಾಕಾ ಮಗುವಿನ ಹಾಗೆ ಕೈ ತಟ್ಟಿದರು. "ನನಗ ಒಮ್ಮಿ ತೋರಸ್ತಿಯೇನವಾ? ಖರೇ ಪುಸ್ತಕಾನ? ದೂರಿಂದ ನೋಡ್ತೀನಿ ಬೇಕಾದ್ರ, ಮುಟ್ಟೂದಿಲ್ಲ."

"ನೋಡೋಣ ಕಾಕಾ" ಎಂದೆ.

ಅವರನ್ನು ಗ್ರಂಥಾಲಯಕ್ಕೆ ಕರೆದೊಯ್ಯಬೇಕಾದರೆ ಮಾರ್ಗದರ್ಶಕಿಯ ಒಪ್ಪಿಗೆ ಕೇಳಬೇಕಿತ್ತು. ಕೇಳಿದರೆ ಇವರು ಯಾರು, ಏಕೆ ಎಂಬ ಮಾತು ಬರುತ್ತಿತ್ತು. ಅಷ್ಟರಲ್ಲಿ ನಾನು ಆ ಭಾಗವನ್ನು ಮಾರ್ಗದರ್ಶಕಿಗೆ ಬರೆದು ಕೊಟ್ಟಾಗಿತ್ತು, ನಾನೇ ಕಂಡುಕೊಂಡ ಹಾಗೆ. ಬೇಕೆಂದೇ ಮುಚ್ಚಿಡಲಿಲ್ಲ ಎಂದು ಆಗ ಅಂದುಕೊಂಡಿದ್ದೆ; ಅಡುಗೆಮನೆಯ ಮಾತನ್ನು ಅಡಿಟಿಪ್ಪಣಿಯಲ್ಲಿ ಹೇಗೆ ಹಾಕುವುದು ಎಂಬ ಗೊಂದಲ ಅಷ್ಟೆ ಎಂದು. ಆದರೆ ಪ್ರಬಂಧದ ಮೌಖಿಕ ಪರೀಕ್ಷೆಯ ದಿನ ಮಾರ್ಗದರ್ಶಕಿ ಎಲ್ಲರೆದುರು, "ಇದು ನಿಮಗೆ ಹೇಗೆ ಹೊಳೆಯಿತು?" ಎಂದು ನೇರವಾಗಿಯೇ ಕೇಳಿದರು. "ತುಂಬಾ ಹೊತ್ತು ನೋಡಿದೆ" ಎಂದೆ. ಎಲ್ಲರೂ ಮೆಚ್ಚಿ ತಲೆದೂಗಿದರು.

ಅದಕ್ಕೂ ಮೊದಲೇ ತೊಂಬತ್ತು ದಿನ ಮುಗಿದು ಕಾಕಾ ಊರಿಗೆ ಹೋಗಿದ್ದರು. ವಿಮಾನ ನಿಲ್ದಾಣಕ್ಕೆ ಹೊರಡುವಾಗ ಪುಸ್ತಕ ನೋಡುವ ಮಾತನ್ನು ಅವರು ಎತ್ತಲಿಲ್ಲ. "ಪುಸ್ತಕ ಆದಾಗ ನಮ್ಮ ಐದ ಸಾಲ ನೆನಪಿಟಗೋ" ಎಂದಷ್ಟೇ ಹೇಳಿದರು. ಮೂರು ವರ್ಷದ ನಂತರ ಅವರು ತೀರಿಕೊಂಡ ಸುದ್ದಿಯನ್ನು ಅಕ್ಕ ಫೋನಿನಲ್ಲಿ ಬರೆದು ತಿಳಿಸಿದರು. ನಾನಾಗ ಲೈಡನ್ನಿಗೆ ಮನೆ ಬದಲಿಸಿದ್ದೆ, ಅದೇ ಮಾರ್ಗದರ್ಶಕಿಯ ಕೈಕೆಳಗೆ ಕೆಲಸಕ್ಕಿದ್ದೆ. ಎಲ್ಲರೂ ಬರೆಯುವಂಥ ಎರಡು ವಾಕ್ಯ ಬರೆದು ಕಳುಹಿಸಿದೆ...

ಕಳೆದ ಶುಕ್ರವಾರ ಪ್ರೂಫಿನಲ್ಲಿ ಕೃತಜ್ಞತೆಯ ಟಿಪ್ಪಣಿ ಓದಿದೆ. ಅದರಲ್ಲಿ ಮಾರ್ಗದರ್ಶಕಿಯ ಹೆಸರಿತ್ತು, ಗ್ರಂಥಾಲಯದ ಇಬ್ಬರ ಹೆಸರಿತ್ತು, ಚಿತ್ರ ತೆಗೆದವರ ಹೆಸರೂ ಇತ್ತು. ಒಂದು ಸಾಲು ಸೇರಿಸಲು ಇನ್ನೂ ಐದು ದಿನ ಸಮಯವಿತ್ತು. ಸೇರಿಸಿದರೆ ಪರೀಕ್ಷೆಯ ದಿನ ಹೇಳಿದ್ದು ಸುಳ್ಳೆಂದು ಮಾರ್ಗದರ್ಶಕಿಗೆ ಗೊತ್ತಾಗುತ್ತದೆ. ನನ್ನ ಕೆಲಸ ಅವರ ಕೈಯಲ್ಲಿದೆ. ಆದರೂ ಬರೆಯಲು ಹೊರಟೆ. ಹೆಸರಿನ ಜಾಗಕ್ಕೆ ಬಂದು ಕೈ ನಿಂತಿತು. ಕಾಕಾ ಎಂಬುದನ್ನು ಬಿಟ್ಟರೆ ಅವರ ಹೆಸರು ನನಗೆ ಗೊತ್ತಿರಲಿಲ್ಲ. ಮೂರು ತಿಂಗಳು ಒಂದೇ ಮೇಜಿನಲ್ಲಿ ಚಹಾ ಕುಡಿದಿದ್ದೆವು, ನಾನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಡೆನ್ ಹಾಗ್‌ನಲ್ಲಿ ಗಾಡಿ ಬದಲಿಸಿ ಜೂಟರ್‌ಮೀರ್‌ಗೆ ಹೋದೆ. ಅಕ್ಕ ಬಾಗಿಲು ತೆರೆದು ಒಂದು ಕ್ಷಣ ಗುರುತು ಹಿಡಿಯಲಿಲ್ಲ.

"ಅಯ್ಯ, ನೀನೇನ! ಅಫ್‌ಸ್ಪ್ರಾಕ್ ಇಲ್ಲದ ಸೀದಾ ಬಂದೀಯಲ್ಲ? ಈ ಊರಾಗ ಮಗ್ಗಲ ಮನಿಗೆ ಹೋಗಬೇಕಂದ್ರೂ ಟೈಮ್ ಕೇಳಬೇಕು."

ಒಳಗೆ ಕುಳಿತ ಮೇಲೆ ಪ್ರೂಫ್ ತೆರೆದು ತೋರಿಸಿದೆ, ಎಲ್ಲವನ್ನೂ ಹೇಳಿದೆ. ಮುರಿದ ಮೊಳೆ ಹುಡುಕಲು ಹೇಳಿದ್ದು ಯಾರು, ಪರೀಕ್ಷೆಯಲ್ಲಿ ನಾನು ಹೇಳಿದ್ದೇನು, ಅವರನ್ನು ಗ್ರಂಥಾಲಯಕ್ಕೆ ಏಕೆ ಕರೆದೊಯ್ಯಲಿಲ್ಲ. ಅಕ್ಕ ಆ ಪುಟವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಊರಾಗ ಎಲ್ಲಾರ ಮುಂದ ಹೇಳ್ಕೊಂತ ತಿರಗತಿದ್ದ ಅಪ್ಪಾ" ಎಂದರು. "ಹಾಲೆಂಡಿನ್ಯಾಗ ನಾನೂರು ವರ್ಷದ ಪುಸ್ತಕದ ಕೆಲಸದಾಗ ನನ್ನ ಪಾಲ ಐತಿ ಅಂತ. ನಾನ ಬೈದಿದ್ದೆ. ಸುಮ್ನಿರಪಾ, ಮಂದಿ ನಗತಾರ ಅಂತ." ಅವರ ದನಿ ಕುಗ್ಗಿತು. "ಆಮ್ಯಾಲೆ ಹೇಳೂದು ಬಿಟ್ಟ."

ನಾನು ಕ್ಷಮೆ ಕೇಳಿದೆ. ಅವರು ಎದ್ದು ಹೋಗಿ ಪೆನ್ನು ತಂದು, ಒಂದು ಲಕೋಟೆಯ ಹಿಂಬದಿಯಲ್ಲಿ ತಂದೆಯ ಪೂರ್ತಿ ಹೆಸರು ಬರೆದರು, ಮೊದಲು ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಅದನ್ನು ಪ್ರೂಫಿನಲ್ಲಿ ಸೇರಿಸಿದೆ. ಆಮೇಲೆ ಅಲ್ಲೇ ಕುಳಿತು ಮಾರ್ಗದರ್ಶಕಿಗೆ ಒಂದು ಪತ್ರ ಬರೆದೆ: ಆ ಪುಟವನ್ನು ಓದಿದ್ದು ನಾನಲ್ಲ, ಈ ಹೆಸರಿನ ಕಂಪೋಸಿಟರ್, ಅಂದು ನಾನು ನಿಮಗೆ ನಿಜ ಹೇಳಲಿಲ್ಲ. ಕಳುಹಿಸುವ ಮೊದಲು ಅದನ್ನು ಕನ್ನಡದಲ್ಲಿ ಅಕ್ಕನಿಗೆ ಓದಿ ಹೇಳಿದೆ.

"ಇನ್ನೊಮ್ಮೆ ಓದು" ಎಂದರು.

ಓದಿದೆ. ಕಳುಹಿಸಿದೆ.