ಎರಡು ಮನೆ ಆಚೆಯ ಸುದ್ದಿ

ಗಾಲ್‌ಗುಮಿಯ ಮುದುಕರ ರಕ್ತದೊತ್ತಡ ನೋಡಿದರೆ ಸಾಕು, ಹಿಂದಿನ ಸಂಜೆ ಟೀವಿಯಲ್ಲಿ ಏನು ಬಂದಿತ್ತೆಂದು ನಾನು ಹೇಳಬಲ್ಲೆ. ಗಡಿಯಾಚೆಯ ಉತ್ತರದವರು ಕ್ಷಿಪಣಿ ಹಾರಿಸಿದ ಮಾರನೆಯ ದಿನ ಎಲ್ಲರದೂ ಹತ್ತು ಹೆಚ್ಚು. ಹೊಸ ಜ್ವರವೇನಾದರೂ ಹಬ್ಬಿದ್ದರೆ ಹದಿನೈದು. ಇಪ್ಪತ್ತೆರಡು ವರ್ಷದಿಂದ ಈ ಕಡಲೂರಿನ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸು. ನರ್ಸು ಎಂದು ಎಷ್ಟು ಸಲ ತಿದ್ದಿದರೂ ಊರವರ ಬಾಯಲ್ಲಿ ಡಾಕ್ಟ್ರಮ್ಮನೇ. ವಾರಕ್ಕೆ ಎರಡು ದಿನ ಯಂತ್ರ ಹೊತ್ತುಕೊಂಡು ಊರಮನೆಗೆ ಹೋಗುತ್ತೇನೆ. ಬೆಚ್ಚಗಿನ ನೆಲದ ಆ ದೊಡ್ಡ ಹಜಾರದಲ್ಲಿ ಊರಿನ ಹಿರಿಯರೆಲ್ಲ ಕಾಲು ಚಾಚಿ ಕುಳಿತಿರುತ್ತಾರೆ. ಒಬ್ಬೊಬ್ಬರೇ ತೋಳು ಮುಂದೆ ಮಾಡುತ್ತಾರೆ, ಕಣ್ಣು ಮಾತ್ರ ಟೀವಿಯ ಮೇಲೆ.

ಆ ವರ್ಷ ಎಲ್ಲರಿಗಿಂತ ಹೆಚ್ಚು ಏರಿದ್ದು ತಾಕ್ ಯಾಂಗ್‌ಸೂನಳದು. ನೂರ ಎಪ್ಪತ್ತೆಂಟು.

ನನಗೆ ನಂಬಿಕೆಯೇ ಬರಲಿಲ್ಲ. ಯಾಂಗ್‌ಸೂನ್ ಅಂಥವಳಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಎದುರಿನ ದ್ವೀಪದಿಂದ ಮದುವೆಯಾಗಿ ಬಂದವಳು. ಬಂದ ನಾಲ್ಕನೇ ದಿನ ಅತ್ತೆ ಕೈಗೆ ಕೆಸರು ಹಲಗೆ ಕೊಟ್ಟು ಕಡಲ ಇಳಿತದ ಕೆಸರಿಗೆ ಇಳಿಸಿದ್ದಳಂತೆ. ಹಲಗೆಯ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಕಾಲಿನಿಂದ ಕೆಸರನ್ನು ಹಿಂದಕ್ಕೊದೆಯುತ್ತ, ಜಾರಿಕೊಂಡು ಹೋಗಿ ಕಪ್ಪೆಚಿಪ್ಪು ಆರಿಸುವ ಕೆಲಸ. ವರ್ಷ ತುಂಬುವುದರೊಳಗೆ ಊರಿನಲ್ಲಿ ಅವಳಷ್ಟು ವೇಗವಾಗಿ ಹೋಗುವವರು ಇರಲಿಲ್ಲ. ಬಿರುಗಾಳಿ, ಸತ್ತು ಹುಟ್ಟಿದ ಮಗು, ಎರಡು ಸಲ ಕೊಚ್ಚಿಹೋದ ಮನೆಯ ಮಾಡು, ಎಲ್ಲವನ್ನೂ ಕಂಡು ಎಪ್ಪತ್ತು ದಾಟಿದ ಹೆಂಗಸು.

ಕೆಡಿಸಿದ್ದು ಮೊಣಕಾಲು. ಆಪರೇಷನ್ ಆಗಿ ಒಂದು ಚಳಿಗಾಲ ಪೂರ್ತಿ ಮನೆಯಲ್ಲಿ ಕೂರಬೇಕಾಯಿತು. ಹೊತ್ತು ಹೋಗಲೆಂದು ಮಗಳು ಒಳ್ಳೆಯ ಫೋನು ಕೊಡಿಸಿದಳು. ಯಾಂಗ್‌ಸೂನ್ ಏನನ್ನೂ ಅರ್ಧಕ್ಕೆ ಕಲಿಯುವವಳಲ್ಲ. ತಿಂಗಳೊಳಗೆ ಬೆಳಗಿನ ಐದು ಗಂಟೆಗೇ ಊರಿಗೆಲ್ಲ ಸುದ್ದಿ ಕಳಿಸತೊಡಗಿದಳು. ಭೂಕಂಪ, ಕೊಲೆ, ಬ್ಯಾಂಕು ಮುಳುಗಿದ್ದು, ಯಾವುದೋ ದೇಶದಲ್ಲಿ ಜೇನ್ನೊಣಗಳು ಸತ್ತದ್ದು. ನಾನು ಹಲ್ಲುಜ್ಜುವುದರೊಳಗೆ ನನ್ನ ಫೋನಿನಲ್ಲಿ ಮೂವತ್ತು ಬಂದಿರುತ್ತಿದ್ದವು. ಕಾಲು ವಾಸಿಯಾದ ಮೇಲೂ ಅವಳು ಕೆಸರಿಗೆ ಇಳಿಯಲಿಲ್ಲ. ಕಡಲ ನೀರು ಕೆಟ್ಟಿದೆ, ಚಿಪ್ಪು ವಿಷ ಎಂದು ಫೋನಿನ ವೀಡಿಯೊ ಒಂದರಲ್ಲಿ ಯಾರೋ ಹೇಳಿದ್ದ. ಇನ್ನು ಮುಂದೆ ಉಪ್ಪೂ ಸಿಗುವುದಿಲ್ಲ ಎಂದೂ ಹೇಳಿದ್ದ. ಹನ್ನೊಂದು ಮೂಟೆ ಉಪ್ಪು ತರಿಸಿ ಮಲಗುವ ಕೋಣೆಯಲ್ಲೇ ಪೇರಿಸಿದಳು. ಅವಳ ಗಂಡ ಮಾನ್‌ಹೋ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮೂಟೆಗಳ ಸಂದಿಯಲ್ಲಿ ಕಾಲು ಮಡಚಿ ಮಲಗುತ್ತಿದ್ದವನು ಒಂದು ದಿನ ನನ್ನೆದುರೇ ಹೇಳಿದ: "ಯುದ್ಧ ಬರೋತನಕ ಕಾಯೋದೇ ಬ್ಯಾಡ ಕಣವ್ವ. ಇಷ್ಟು ಉಪ್ಪು ತಿಂದ್ರೆ ಅದಕ್ಕೆ ಮುಂಚೇನೇ ಹೋಗ್ತೀವಿ."

"ನಗು, ನಗು. ಊರೆಲ್ಲ ಸಪ್ಪೆ ತಿನ್ನೋವಾಗ ನನ್ ಬಾಗ್ಲಿಗೇ ಬರ್ತೀಯ," ಎಂದಳು ಯಾಂಗ್‌ಸೂನ್, ನಗುತ್ತಿದ್ದ ನನಗೆ, ಫೋನಿನಿಂದ ಕಣ್ಣೆತ್ತದೆ.

ನವೆಂಬರಿನಲ್ಲಿ ದೂರದ ಒಂದು ನಗರದಲ್ಲಿ ಹತ್ತಂತಸ್ತಿನ ಕಟ್ಟಡ ಕುಸಿಯಿತು. ಅವಶೇಷದಡಿಯಿಂದ ಒಬ್ಬೊಬ್ಬರನ್ನೇ ತೆಗೆಯುವುದನ್ನು ಟೀವಿ ಬಿಡದೆ ತೋರಿಸುತ್ತಿತ್ತು. ಊರಮನೆಯಲ್ಲಿ ಮೂರು ದಿನ ಯಾರೂ ಅಲುಗಲಿಲ್ಲ. ರಿಮೋಟು ಎಂದಿನಂತೆ ಜೊಂಗ್‌ತೇ ಕೈಯಲ್ಲಿ. ಹಿಂದೆ ಮೀನು ದೋಣಿಗಳಲ್ಲಿ ಹೋಗಿ ಇಂಜಿನ್ನು ನೋಡಿಕೊಳ್ಳುತ್ತಿದ್ದ ಈ ಮುದುಕನಿಗೆ ಕಿವಿ ಮಂದ. ಅದಕ್ಕೇ ಟೀವಿಯ ಸದ್ದು ಬೀದಿಯ ತುದಿಗೂ ಕೇಳುತ್ತಿತ್ತು.

ಆ ಮೂರು ದಿನದಲ್ಲಿ ಕೊನೆಯ ಎರಡು ದಿನ ದೊಗಿಮ್ ಬಂದಿರಲಿಲ್ಲ. ದೊಗಿಮ್ ಒಂಟಿ ಹೆಂಗಸು. ಯಾಂಗ್‌ಸೂನಳ ಮನೆಯಿಂದ ಎರಡು ಮನೆ ಆಚೆ, ಊರಮನೆಗೆ ಬೆನ್ನು ಹಚ್ಚಿದಂತಿರುವ ಮನೆ. ಇಬ್ಬರೂ ನಲವತ್ತೆಂಟು ವರ್ಷದ ಗೆಳತಿಯರು, ಜಗಳವಿಲ್ಲದೆ ಒಂದು ದಿನವೂ ಕಳೆದವರಲ್ಲ. ಹಿಂದಿನ ವಾರವಷ್ಟೇ ಹೂವಿನ ಚಿತ್ರಗಳ ಇಸ್ಪೀಟಿನಲ್ಲಿ ಯಾಂಗ್‌ಸೂನ್ ಮೋಸ ಮಾಡಿದಳೆಂದು ದೊಗಿಮ್ ಎಲೆ ಎಸೆದು ಎದ್ದುಹೋಗಿದ್ದಳು. ಬರಲಿಲ್ಲವೆಂದರೆ ಮತ್ತೆ ಮುನಿಸಿರಬೇಕು ಎಂದುಕೊಂಡರು. ಅಷ್ಟೇ.

ಅವಳು ಬಾರದ ಎರಡನೆಯ ದಿನ ಮಧ್ಯಾಹ್ನ ಮಾನ್‌ಹೋ ಎರವಲು ತಂದಿದ್ದ ಮೊರ ಹಿಂತಿರುಗಿಸಲು ಅವಳ ಮನೆಗೆ ಹೋದ. ಹಿತ್ತಲಿನಲ್ಲಿ, ಸೋಯಾ ಸಾಸಿನ ಜಾಡಿಗಳನ್ನಿಟ್ಟ ಜಗಲಿಯ ಕೆಳಗೆ ದೊಗಿಮ್ ಬಿದ್ದಿದ್ದಳು. ತೊಡೆಯ ಮೂಳೆ ಮುರಿದು ಒಂದು ಹಗಲು, ಒಂದು ರಾತ್ರಿ ಅಲ್ಲೇ. ಒಣಗಲು ಹಾಕಿದ್ದ ರಜಾಯಿಯ ತುದಿ ಕೈಗೆ ಸಿಕ್ಕಿತ್ತಂತೆ. ಎಳೆದು ಹೊದ್ದುಕೊಂಡದ್ದರಿಂದ ಬದುಕಿದ್ದಳು. ಮಾನ್‌ಹೋ ಓಡಿ ಬಂದು ನನ್ನನ್ನು ಕರೆದ. ನಾನು ಹೋಗಿ ಕಾಲಿಗೆ ಪಟ್ಟಿ ಕಟ್ಟಿ, ಬಿಸಿ ನೀರಿನ ಚೀಲ ಇಟ್ಟು, ಆಂಬುಲೆನ್ಸಿಗೆ ಫೋನು ಮಾಡುತ್ತಿರುವಾಗ ಯಾಂಗ್‌ಸೂನ್ ಬರಿಗಾಲಲ್ಲಿ ಬಂದು ನಿಂತಳು.

"ಕೂಗಬಾರದಿತ್ತೇನೇ, ದರಿದ್ರದವಳೇ!" ಎಂದಳು.

ದೊಗಿಮ್ ಬಿಳಿಚಿದ ತುಟಿಯಲ್ಲೇ ನಕ್ಕಳು. "ಕೂಗ್ದೆ ಕಣೇ. ನಿಮ್ ಟೀವಿ ನಂಗೆ ಚೆನ್ನಾಗಿ ಕೇಳ್ತಿತ್ತು. ಹದಿನೇಳನೇ ಹೆಣ ತೆಗೆದ್ರು ಅಂದಾಗ ನೀನು ಅಯ್ಯಯ್ಯೋ ಅಂದಿದ್ದೂ ಕೇಳಿಸ್ತು. ನಾನು ಕೂಗಿದ್ದೇ ನಿಮಗೆ ಕೇಳ್ಲಿಲ್ಲ."

ಯಾಂಗ್‌ಸೂನ್ ಅಲ್ಲೇ ಜಾಡಿಗಳ ಪಕ್ಕ ಕುಸಿದು ಕೂತಳು. ಆಂಬುಲೆನ್ಸ್ ಬರುವವರೆಗೂ ದೊಗಿಮಳ ಎರಡು ಪಾದಗಳನ್ನೂ ತನ್ನ ಉದ್ದನೆಯ ಕೋಟಿನೊಳಗೆ, ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು.

ಅನಂತರ ಒಂದು ವಾರ ನನ್ನ ಫೋನಿಗೆ ಒಂದೂ ಸುದ್ದಿ ಬರಲಿಲ್ಲ. ಎಂಟನೆಯ ದಿನ ಅವಳೇ ಆರೋಗ್ಯ ಕೇಂದ್ರಕ್ಕೆ ಬಂದು, ತೋಳು ಚಾಚದೆ ಸುಮ್ಮನೆ ಕೂತಳು.

"ಡಾಕ್ಟ್ರಮ್ಮ, ಸುದ್ದಿ ನೋಡೋದು ಬಿಟ್ರೆ ನಾನು ದಡ್ಡಿ ಆಗ್ತೀನಾ?"

ನಾನೂ ಊಟದ ಜೊತೆಗೆ ಸುದ್ದಿ ನೋಡುವವಳೇ.

ಅವಳೇ ಮುಂದುವರಿಸಿದಳು. "ಪೂರ್ತಿ ಬಿಡೋಕೂ ಮನಸ್ಸಿಲ್ಲ. ಲೋಕದಲ್ಲಿ ಇದ್ಕೊಂಡು ಲೋಕ ಬ್ಯಾಡ ಅಂದ್ರೆ ಹೆಂಗೆ? ಒಂದು ಯೋಚ್ನೆ ಮಾಡಿದೀನಿ. ಕೆಟ್ಟ ಸುದ್ದಿ ಕೇಳಿದ್ ಮೇಲೆ ನನ್ ಕೈಗೆ ಏನಾದ್ರೂ ಕೆಲ್ಸ ಸಿಗ್ತದಾ ನೋಡೋದು. ಸಿಕ್ರೆ ಮಾಡೋದು. ಸಿಗ್ಲಿಲ್ವಾ, ಒಂದ್ಸಲ ಅಯ್ಯೋ ಪಾಪ ಅನ್ನೋದು, ಎದ್ದೇಳೋದು. ಎರಡ್ನೇ ಸಲ ಅಯ್ಯೋ ಅಂತ ಕೂತ್ರೆ ಅದು ಅವರಿಗಲ್ಲ, ನಮ್ ಚಟಕ್ಕೆ."

ಮೊದಲು ಸಿಕ್ಕಿದ ಕೆಲಸ ಉಪ್ಪು. ಚಳಿಗಾಲಕ್ಕೆ ಎಲೆಕೋಸನ್ನು ಉಪ್ಪಿನಕಾಯಿಯಂತೆ ಕಿಮ್ಚಿ ಹಾಕುವ ಹೊತ್ತು. ಆ ವರ್ಷ ಇಡೀ ಊರಿನ ಎಲೆಕೋಸು ಯಾಂಗ್‌ಸೂನಳ ಅಂಗಳದಲ್ಲಿ ಅವಳ ಉಪ್ಪಿನಲ್ಲೇ ನೆನೆಯಿತು. ಆಸ್ಪತ್ರೆಗೆ ಒಯ್ದ ಡಬ್ಬಿ ತೆರೆದು ದೊಗಿಮ್ ಫೋನಿನಲ್ಲೇ ಅರಚಿದಳು: "ಇದೇನೇ, ಕಿಮ್ಚಿನೋ ಸಮುದ್ರಾನೋ!" ಮಾನ್‌ಹೋ ಮಾತ್ರ ಆ ವಾರ ಕಾಲು ನೀಡಿ ಮಲಗಿದ.

ಜನವರಿಯಲ್ಲಿ ಹಳೆಯ ಊರಮುಖ್ಯಸ್ಥ ಕೆಲಸ ಬಿಟ್ಟ. ಆ ತಲೆನೋವು ಯಾರಿಗೂ ಬೇಡ. ಯಾಂಗ್‌ಸೂನ್ ಕೈಯೆತ್ತಿದಳು. ನಮ್ಮೂರಿಗೆ ಹೆಣ್ಣು ಮುಖ್ಯಸ್ಥೆ ಅದೇ ಮೊದಲು. ಮುಖ್ಯಸ್ಥರ ಮನೆಯಲ್ಲಿ ಮೈಕು, ಬೀದಿಯ ನಾಲ್ಕು ಕಂಬಗಳಲ್ಲಿ ಸ್ಪೀಕರು. ಮೊದಲ ದಿನ ಬೆಳಿಗ್ಗೆ ಏಳಕ್ಕೆ ಊರಿಗೆಲ್ಲ ಕೇಳಿಸಿದ್ದು ಇದು: "ಹಲೋ... ಹಲೋ... ಇದು ಹತ್ಕೊಂಡಿದ್ಯಾ? ಏ ಮಾನ್‌ಹೋ, ಹೊರಗೋಗಿ ಕೇಳ್ತಿದ್ಯಾ ನೋಡೂ. ಪ್ಯಾಂಟು ಹಾಕ್ಕೊಂಡ್ ಹೋಗು!"

ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದಳು. ಇಂದಿನಿಂದ ಪ್ರತಿ ಮನೆಯವರೂ ಎಂಟು ಗಂಟೆಗೆ ಮುಂಚೆ ಗೇಟು ತೆರೆದಿಡಬೇಕು. ತೆರೆಯದ ಮನೆಗೆ ಅವಳೇ ಬರುತ್ತಾಳೆ.

ಬಂದೇ ಬಂದಳು. ಮೊದಮೊದಲು ಬೈಗುಳವೇ ಸಿಕ್ಕಿತು. "ಸತ್ತಿದೀನೇನೋ ನೋಡ್ಕೊಂಡು ಹೋಗೋಕೆ ಬಂದ್ಯಾ? ಇನ್ನೂ ಇಲ್ಲ, ನಾಳೆ ಬಾ," ಎಂದು ಒಬ್ಬಳು ಹಾಸಿಗೆಯಿಂದಲೇ ಕೂಗಿದಳು. "ಆಯ್ತು, ನಾಳೆ ಬರ್ತೀನಿ," ಎಂದು ಯಾಂಗ್‌ಸೂನ್ ಗೇಟು ತೆರೆದಿಟ್ಟು ಮುಂದೆ ಹೋದಳು. ಎರಡು ವಾರದಲ್ಲಿ ಊರಿಗೆ ಅಭ್ಯಾಸವಾಯಿತು. ಫೆಬ್ರವರಿಯ ಒಂದು ಬೆಳಿಗ್ಗೆ ಮುಚ್ಚಿದ ಗೇಟಿನ ಹಿಂದೆ ಜ್ವರದಲ್ಲಿ ಎಚ್ಚರ ತಪ್ಪಿದ ಒಬ್ಬ ಮುದುಕ ಸಿಕ್ಕಿದ. ಅವನನ್ನು ಸಮಯಕ್ಕೆ ಆಸ್ಪತ್ರೆಗೆ ಸೇರಿಸಿದೆವು. ಅಂದಿನಿಂದ ಬೈಗುಳ ನಿಂತಿತು.

ನಿಲ್ಲದೆ ಉಳಿದದ್ದು ಟೀವಿಯ ಜಗಳ. ಊರಮನೆಯಲ್ಲಿ ಮಧ್ಯಾಹ್ನ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಸಾಕು ಎಂದಳು ಯಾಂಗ್‌ಸೂನ್. ಜೊಂಗ್‌ತೇ ಸಿಟ್ಟಿನಿಂದ ಕೆಂಪಾದ.

"ಕಣ್ಣು ಮುಚ್ಕೊಂಡ್ರೆ ಲೋಕ ಕತ್ತಲಾಗಲ್ಲ ಕಣಮ್ಮ, ಮುಖ್ಯಸ್ಥೆ! ನಿಂಗೇನು ಗೊತ್ತು? ಆ ಬಿರುಗಾಳಿ ವರ್ಷ ನಮ್ ದೋಣಿ ರೇಡಿಯೋ ಕೆಟ್ಟಿತ್ತು. ಕೇಳಿದ್ರೆ ನಾವು ಹೊರಡ್ತಾನೇ ಇರ್ಲಿಲ್ಲ. ನನ್ ಜೊತೆ ಇದ್ದ ಇಬ್ರು ಹೋದ್ರು. ಅವತ್ತಿಂದ ನಾನು ಯಾವ ಸುದ್ದೀನೂ ಬಿಟ್ಟಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ನಾನೂ ಆ ಮಾತನ್ನು ಅವನ ಬಾಯಿಂದ ಕೇಳಿರಲಿಲ್ಲ. ಯಾಂಗ್‌ಸೂನ್ ಅವನ ಪಕ್ಕ ಕೂತಳು. ವಾದಿಸಲಿಲ್ಲ. "ಅದು ಸರಿ ಅಣ್ಣ. ಆ ಸುದ್ದಿ ಬೇಕಿತ್ತು. ಕೇಳಿದ್ರೆ ದೋಣಿ ಕಟ್ಟಿಹಾಕ್ಬೋದಿತ್ತು. ಈಗ ಹೇಳು, ನಿಂಗೆ ಯಾವ ಸುದ್ದಿ ಬೇಕು?"

ಜೊಂಗ್‌ತೇ ರಿಮೋಟು ಕೆಳಗಿಟ್ಟ. "ನಮ್ ಸಮುದ್ರ ಕೆಟ್ಟಿದ್ಯಾ ಇಲ್ವಾ? ವರ್ಷದಿಂದ ಟೀವಿ ನೋಡ್ತಿದೀನಿ, ಅದೊಂದು ಯಾರೂ ಹೇಳಿಲ್ಲ."

"ನಂಗೂ ಗೊತ್ತಿಲ್ಲ," ಎಂದಳು ಅವಳು. "ತಿಳ್ಕೊಂಡು ಬರ್ತೀನಿ."

ಮಾರನೆಯ ದಿನ ಎರಡು ಬಾಟಲಿ ಕಡಲ ನೀರು, ಒಂದು ಚೀಲ ಚಿಪ್ಪು ಹೊತ್ತು ಪಟ್ಟಣದ ಬಸ್ಸು ಹತ್ತಿದಳು. ಅಲ್ಲಿನ ಮೀನುಗಾರಿಕೆ ಕಚೇರಿಯವರು ಹಾಗೆ ತಂದ ನೀರನ್ನು ಪರೀಕ್ಷಿಸುವುದಿಲ್ಲವೆಂದು ಅವಳನ್ನು ಹಿಂದಕ್ಕೆ ಕಳಿಸಿದರು. ಮತ್ತೆ ಹೋದಳು. ಬಸ್ಸಿನಲ್ಲಿ ಚಿಪ್ಪಿನ ಚೀಲ ಸೋರಿ ಡ್ರೈವರನ ಕೈಲಿ ಬೈಸಿಕೊಂಡಳು. ನಾಲ್ಕನೆಯ ಸಲಕ್ಕೆ ಕಚೇರಿಯ ಹುಡುಗಿಯೇ ಸೋತು, ಪ್ರತಿ ತಿಂಗಳೂ ಬಂದು ನೀರು, ಚಿಪ್ಪು ಎರಡನ್ನೂ ತೆಗೆದುಕೊಂಡು ಹೋಗಲು ಒಪ್ಪಿಕೊಂಡಳು. ಫೆಬ್ರವರಿಯ ಫಲಿತಾಂಶ ಸರಿಯಾಗಿತ್ತು. ಮಾರ್ಚಿನದೂ ಸರಿಯಾಗಿತ್ತು. ಒಂದೊಂದು ಅಂಕಿಯನ್ನೂ ಮೈಕಿನಲ್ಲಿ ಓದಿದಳು. ಅರ್ಥವಾಗದ ಹೆಸರುಗಳನ್ನು ಮೂರು ಸಲ ತಪ್ಪಾಗಿ ಉಚ್ಚರಿಸಿ, "ಏನೋ ಒಂದು, ಅದು ಇಲ್ವಂತೆ" ಎಂದು ಮುಗಿಸಿದಳು. ಎರಡು ಚಳಿಗಾಲದ ಬಳಿಕ ಅವಳ ಹಲಗೆ ಕೆಸರಿಗೆ ಇಳಿಯಿತು.

ಏಪ್ರಿಲಿನ ಕಾಗದ ಬೇರೆಯಾಗಿತ್ತು. ನೀರು ಬೆಚ್ಚಗಾಗುವ ಕಾಲಕ್ಕೆ ಕೆಲವು ವರ್ಷ ಚಿಪ್ಪಿನಲ್ಲಿ ವಿಷ ಕೂಡುತ್ತದೆ. ಈ ಸಲ ಕೂಡಿತ್ತು. ಒಳ್ಳೆಯ ಬೆಲೆಯ ಹೊತ್ತು, ಹೆಂಗಸರೆಲ್ಲ ಬುಟ್ಟಿ ಕಟ್ಟಿ ತಯಾರಾಗಿದ್ದರು. ಇಬ್ಬರು ಅವಳ ಮನೆಗೇ ಬಂದರು. "ಓದಬ್ಯಾಡ ಕಣಕ್ಕ. ನಾಕು ದಿನ ಬಿಟ್ಟು ಓದು."

ಯಾಂಗ್‌ಸೂನ್ ಮೈಕು ಹತ್ತಿಸಿದಳು. "ಎಲ್ರೂ ಕೇಳಿ. ಸುದ್ದಿ ಚೆನ್ನಾಗಿಲ್ಲ. ಚಿಪ್ಪಿನಲ್ಲಿ ವಿಷ ಬಂದಿದೆ. ಕಮ್ಮಿ ಅಂದ್ರೂ ಹದಿನೆಂಟು ದಿನ ಯಾರೂ ತಿನ್ನೋ ಹಾಗಿಲ್ಲ, ಮಾರೋ ಹಾಗಿಲ್ಲ, ಬೇಯಿಸಿದ್ರೂ ಹೋಗಲ್ಲ. ಇವತ್ತು ಮೆಣಸಿನ ಸಸಿ ಬಂದಿದೆ, ಊರಮನೆ ಹತ್ರ ಬಂದು ತಗೊಳ್ಳಿ. ಹದಿನೆಂಟನೇ ದಿನ ಮತ್ತೆ ಪರೀಕ್ಷೆ."

ಅಂದು ಮಧ್ಯಾಹ್ನ ಊರಮನೆಯಲ್ಲಿ ಅವಳಿಗೆ ಸಾಕಷ್ಟು ಚುಚ್ಚುಮಾತುಗಳು ಬಿದ್ದವು. ಆಗ ಎದ್ದು ನಿಂತವನು ಜೊಂಗ್‌ತೇ. "ಟೀವಿಯವರು ಹೆದ್ರಿಸ್ತಾರೆ, ಎಷ್ಟು ದಿನ ಹೆದರ್ಬೇಕು ಅಂತ ಹೇಳಲ್ಲ. ಈಯಮ್ಮ ಹದಿನೆಂಟು ಅಂದಿದಾಳೆ. ಹದಿನೆಂಟು ದಿನ ನಾನು ಕಾಯಬಲ್ಲೆ. ಎಲ್ಲಿ, ನನ್ ಸಸಿ ಯಾವುದು?"

ಹದಿನೆಂಟನೇ ದಿನವೂ ವಿಷ ಪೂರ್ತಿ ಇಳಿದಿರಲಿಲ್ಲ. ಕಾದದ್ದು ಇಪ್ಪತ್ತಮೂರು ದಿನ. ಅಷ್ಟರಲ್ಲಿ ಊರಿನ ಎಲ್ಲರ ಹಿತ್ತಲಲ್ಲೂ ಮೆಣಸು ಚಿಗುರಿತ್ತು. ಯಾಂಗ್‌ಸೂನ್ ದೇವತೆಯೇನೂ ಆಗಲಿಲ್ಲ. ಆ ದಿನಗಳಲ್ಲೇ ಒಮ್ಮೆ ನನ್ನ ಕೇಂದ್ರದ ಬಾತ್‌ರೂಮಿನಲ್ಲಿ ಕೂತು ಮುಕ್ಕಾಲು ಗಂಟೆ ಫೋನು ನೋಡುತ್ತಿದ್ದವಳನ್ನು ನಾನೇ ಬಾಗಿಲು ಬಡಿದು ಎಬ್ಬಿಸಿದ್ದೇನೆ. "ಒಂದೇ ಒಂದು ಅಯ್ಯೋ ಇತ್ತು, ಸ್ವಲ್ಪ ಉದ್ದ ಆಯ್ತು," ಎಂದು ನಾಚಿಕೊಂಡಳು.

ಮೇ ತಿಂಗಳ ಆ ಬೆಳಿಗ್ಗೆ ಇಳಿತದ ನೀರು ಬಹಳ ದೂರಕ್ಕೆ ಹೋಗಿತ್ತು. ಹದಿಮೂರು ಹಲಗೆಗಳು ಒಟ್ಟಿಗೆ ಕೆಸರಿಗೆ ಇಳಿದವು. ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಊರುಗೋಲು ತೊಡೆಯ ಮೇಲಿಟ್ಟುಕೊಂಡು ದೊಗಿಮ್ ಕುಳಿತಿದ್ದಳು. ಪಕ್ಕದಲ್ಲಿ ಒಲೆ ಹೂಡಿ ಜೊಂಗ್‌ತೇ ಮೊದಲ ಬುಟ್ಟಿಗಾಗಿ ನೀರು ಕಾಯಿಸುತ್ತಿದ್ದ. ನಾನು ಆ ದಿನ ಕೇಂದ್ರಕ್ಕೆ ಒಂದು ಗಂಟೆ ಬೀಗ ಹಾಕಿ ಬಂದಿದ್ದೆ.

"ಬಲಕ್ಕೆ ಹೋಗೇ, ಬಲಕ್ಕೆ! ಅಲ್ಲಿ ಬರೀ ಏಡಿ ತೂತು!" ದೊಗಿಮ್ ಊರುಗೋಲೆತ್ತಿ ಕೂಗಿದಳು.

"ಬಾಯಿ ಇಲ್ಲಿತನಕ ಬರ್ತದೆ, ಕಾಲು ಯಾವಾಗ ಬರ್ತದೆ?" ದೂರದಿಂದ ಯಾಂಗ್‌ಸೂನ್.

"ಬರೋ ಚಳಿಗಾಲ! ಅಷ್ಟರಲ್ಲಿ ಎಲ್ಲಾನೂ ನೀನೇ ಬಾಚ್ಕೊಬೇಡ!"

ಯಾಂಗ್‌ಸೂನ್ ಏನೋ ಬೈದದ್ದು ಗಾಳಿಗೆ ಕೇಳಿಸಲಿಲ್ಲ. ಆದರೆ ಅವಳ ಹಲಗೆ ಬಲಕ್ಕೆ ತಿರುಗಿತು.