ದ್ವೀಪದಲ್ಲೇ ನಿಂತ ಪ್ರಸಂಗ

೨೦೦೨ರ ಮಾರ್ಚ್ ೧೪, ಗುರುವಾರ. ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತೆ. ಪಕ್ಕದ ಮನೆಯ ಮಗು ಹಾಲಿನ ಪುಡಿಯ ಖಾಲಿ ಡಬ್ಬವನ್ನು ಬೋರಲು ಹಾಕಿ ಬಡಿಯುತ್ತಿದೆ. ದಪ್ಪವಾಗಿ ಹೊರಟು ಅಂಚಿನಲ್ಲಿ ಸೀಳಿಕೊಳ್ಳುವ ಆ ತಗಡಿನ ಸದ್ದು ನನ್ನನ್ನು ನೇರವಾಗಿ ಕುವೈತಿಗೆ, ಫಹಾಹೀಲ್‌ನ ನಮ್ಮ ಮೂರನೇ ಮಹಡಿಯ ಮನೆಗೆ ಕರೆದುಕೊಂಡು ಹೋಯಿತು. ಅಲ್ಲಿ ನಮಗೆ ಮದ್ದಳೆ ಇರಲಿಲ್ಲ. ದರ್ಜಿ ಅಂಗಡಿಯ ಸುಂದರಣ್ಣ ಇಂಥದೇ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸುತ್ತ ಪದ ಹೇಳುತ್ತಿದ್ದರು.

ಶುಕ್ರವಾರ ಅಲ್ಲಿ ರಜೆ. ಊಟವಾದ ಮೇಲೆ ನಮ್ಮ ನಡುಕೋಣೆಯ ಕುರ್ಚಿಗಳೆಲ್ಲ ಬಾಲ್ಕನಿಗೆ ಹೋಗುತ್ತಿದ್ದವು. ಕಂದು ಜಮಖಾನದ ಮೇಲೆ ಏಳೆಂಟು ಜನ ಗೋಡೆಗೊರಗಿ ಕೂರುತ್ತಿದ್ದರು. ಏರ್‌ಕಂಡೀಷನರಿನ ತಂಪಿಗೆ ತೆಂಗಿನೆಣ್ಣೆ, ಏಲಕ್ಕಿ ಚಹಾ, ಇಸ್ತ್ರಿ ಮಾಡಿದ ಅಂಗಿಗಳ ವಾಸನೆ ಅಂಟಿಕೊಳ್ಳುತ್ತಿತ್ತು. ಕಿಟಕಿ ತೆರೆದರೆ ಸಮುದ್ರದ ಉಪ್ಪಿನ ಜೊತೆ ರಿಫೈನರಿಯ ಘಾಟು ಒಳಗೆ ಬರುತ್ತಿತ್ತು. ಅವರೆಲ್ಲ ಕೂರುತ್ತಿದ್ದದ್ದು ತಾಳಮದ್ದಳೆಗೆ. ಅದು ವೇಷವಿಲ್ಲದ ಯಕ್ಷಗಾನ: ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕೂತಲ್ಲಿಯೇ ಪಾತ್ರಗಳಾಗಿ ವಾದಿಸುತ್ತಾರೆ. ನಾವೆಲ್ಲ ಮನೆಯಲ್ಲಿ ತುಳು ಮಾತಾಡುವವರು, ಆದರೆ ಅರ್ಥ ಹೇಳುವಾಗ ಎಲ್ಲರ ಬಾಯಿಗೂ ಒಳ್ಳೆಯ ಕನ್ನಡ ಬರುತ್ತಿತ್ತು. ಹತ್ತು ವರ್ಷದ ನಾನು ತಾರೀಖು, ಪ್ರಸಂಗದ ಹೆಸರು, ಯಾರಿಗೆ ಯಾವ ಪಾತ್ರ ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ.

ವಾಸು ಮಾವ ನನ್ನ ಅಮ್ಮನ ತಮ್ಮ. ರುಮೈಥಿಯಾದಲ್ಲಿ ಒಂದು ಕುವೈತಿ ಮನೆಯ ಡ್ರೈವರ್. ಗುರುವಾರ ರಾತ್ರಿ ನಮ್ಮಲ್ಲಿಗೆ ಬಂದರೆ ಶನಿವಾರ ಬೆಳಿಗ್ಗೆ ಹೋಗುತ್ತಿದ್ದರು. ಆ ಮನೆಯ ಹುಡುಗಿ ಶಾಲೆ ಮುಗಿಸಿ ಬಿಸಾಡಿದ ಇಂಗ್ಲಿಷ್ ಪುಸ್ತಕವೊಂದು ಅವರ ಕಾರಿನಲ್ಲಿತ್ತು; ಹಳೆಯ ಗ್ರೀಕರ ವೀರಕಥೆಗಳನ್ನು ಮಕ್ಕಳಿಗಾಗಿ ಬರೆದದ್ದು. ಶಾಲೆಯ ಗೇಟಿನ ಹೊರಗೆ, ಆಸ್ಪತ್ರೆಯ ಹೊರಗೆ ಕಾಯುತ್ತ ಕಾಯುತ್ತ ಅದನ್ನೇ ಓದುತ್ತಿದ್ದರು. ಒಂದು ಚಳಿಗಾಲ ನಾವೆಲ್ಲ ದೋಣಿಯಲ್ಲಿ ಫೈಲಕಾ ದ್ವೀಪಕ್ಕೆ ಹೋದಾಗ ಅಲ್ಲಿ ಕಲ್ಲಿನ ಅಡಿಪಾಯಗಳನ್ನು ತೋರಿಸಿ ಕಾವಲುಗಾರ "ಯೂನಾನಿ, ಯೂನಾನಿ" ಎಂದ. ಗ್ರೀಕರು ಇಲ್ಲಿಯವರೆಗೂ ಬಂದಿದ್ದರೆಂದು ತಿಳಿದ ದಿನದಿಂದ ಮಾವನಿಗೆ ಅವರು ನೆಂಟರೇ ಆಗಿಬಿಟ್ಟರು. ಆ ಕಥೆಗಳನ್ನು ಪ್ರಸಂಗ ಮಾಡಬೇಕೆಂದು ಹಟ ಹಿಡಿದರು, ಸುಂದರಣ್ಣನಿಂದ ಪದ ಕಟ್ಟಿಸಿದರು.

ಮೊದಲು ಹೇಳಿದ್ದು ಒಬ್ಬ ಯೋಧನ ಕಥೆ. ಯುದ್ಧದಲ್ಲಿ ನಿಂತರೆ ಅವನಿಗೆ ಅಲ್ಪಾಯುಷ್ಯ, ಆದರೆ ಅಳಿಯದ ಕೀರ್ತಿ. ಊರಿಗೆ ಮರಳಿದರೆ ದೀರ್ಘಾಯುಷ್ಯ, ಆದರೆ ಹೆಸರಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು. "ನಮ್ಮದು ಎರಡೂ ಅಲ್ಲ ಮಾರಾಯ್ರೆ," ಎಂದರು ಸುಂದರಣ್ಣ. "ಕೀರ್ತಿಯೂ ಇಲ್ಲ, ಊರೂ ಇಲ್ಲ. ಎರಡು ವರ್ಷಕ್ಕೊಮ್ಮೆ ರಜೆ, ಅದೂ ವೀಸಾ ಕೊಟ್ಟ ಧಣಿ, ಆ ಕಫೀಲ್ ಬಿಟ್ಟರೆ!" ಮಾವನಿಗೆ ಹಿಡಿಸಿದ್ದು ಇನ್ನೊಬ್ಬ ವೀರ. ಯುದ್ಧ ಗೆದ್ದು ಹೊರಟವನು ದಾರಿ ತಪ್ಪಿ, ಜೊತೆಗಾರರನ್ನೆಲ್ಲ ಕಳೆದುಕೊಂಡು, ಒಂದು ದ್ವೀಪದ ದೇವತೆಯ ಮನೆಯಲ್ಲಿ ಸಿಕ್ಕಿಬೀಳುತ್ತಾನೆ. ದಿನವೂ ದಡದಲ್ಲಿ ಕೂತು ಅಳುತ್ತಾನೆ.

"ಅಳುವವ ಎಂಥ ವೀರ?" ಎಂದು ಅಪ್ಪ ಚುಚ್ಚಿದರು.

"ಅಳದವ ಎಂಥದಕ್ಕೆ ಊರಿಗೆ ಹೋಗ್ಬೇಕು ಭಾವ?" ಎಂದರು ಮಾವ.

೧೯೯೦ರ ಜುಲೈ ೨೭ರ ಶುಕ್ರವಾರ ಆ ಪ್ರಸಂಗ. ವೀರನ ಅರ್ಥ ಮಾವನದು. ದೇವತೆಯದು ಅಪ್ಪನದು. ಹೋಟೆಲೊಂದರ ಸ್ಟೋರ್ ನೋಡಿಕೊಳ್ಳುವ, ದಪ್ಪ ಮೀಸೆಯ ಅಪ್ಪ ಲುಂಗಿಯಲ್ಲಿ ಕೂತು, "ಎಲೈ ವೀರನೇ, ಇಲ್ಲಿ ನಿನಗೇನು ಕೊರತೆ?" ಎಂದು ಶುರು ಮಾಡಿದಾಗ ಅಮ್ಮ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಇಲ್ಲಿದ್ದರೆ ನಿನಗೆ ಸಾವಿಲ್ಲ, ಮುಪ್ಪಿಲ್ಲ. ಊರಿನಲ್ಲಿ ಸೋರುವ ಮಾಡು, ನರೆತ ಹೆಂಡತಿ ಎಂದು ಅಪ್ಪ ಸೊಗಸಾಗಿ ವಾದಿಸಿದರು. ಜೊತೆಯಲ್ಲಿ ಮುಪ್ಪಾಗುವುದೇ ನನಗೆ ಬೇಕಾದದ್ದು ಎಂದು ವೀರ ಉತ್ತರಿಸಬೇಕು, ದೇವತೆ ಸೋಲಬೇಕು. ತಾಳಮದ್ದಳೆಯ ಮರ್ಯಾದೆ ಅದು: ಎಷ್ಟೇ ಜಾಣನಿರಲಿ, ಕಥೆಯಲ್ಲಿ ಸೋಲಬೇಕಾದ ಪಾತ್ರದವನು ಎದುರಾಳಿಗೆ ದಾರಿ ಬಿಡಬೇಕು. ಅಪ್ಪ ಬಿಡಲಿಲ್ಲ. ಜನ ತಲೆದೂಗುವುದನ್ನು ಕಂಡು ಹುರುಪೇರಿ, "ನಿನ್ನ ಮಡದಿಯ ಮುಖ ನಿನಗೆ ನೆನಪಿದೆಯೇ? ಇದ್ದರೆ ಈ ಸಭೆಯಲ್ಲಿ ವರ್ಣಿಸು," ಎಂದುಬಿಟ್ಟರು. ಮಾವ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಅವರು ಊರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಸುಂದರಣ್ಣ ಡಬ್ಬದ ಮೇಲೆ ಕೈಯಿಟ್ಟುಕೊಂಡೇ, "ಎಂತ ಇದು, ವೀರ ದ್ವೀಪದಲ್ಲೇ ಉಳಿದನಲ್ಲ! ಪ್ರಸಂಗವೇ ಕೆಟ್ಟಿತು," ಎಂದರು. ಮಾವ ನಕ್ಕು, "ಬರುವ ಶುಕ್ರವಾರ ಅವನನ್ನು ಮನೆಗೆ ಮುಟ್ಟಿಸ್ತೇನೆ, ನೋಡಿ," ಎಂದರು.

ಬರುವ ಶುಕ್ರವಾರ ಆಗಸ್ಟ್ ಮೂರು. ಹಿಂದಿನ ದಿನ ಬೆಳಗಿನ ಜಾವ ಇರಾಕಿನ ಸೈನ್ಯ ಕುವೈತಿನೊಳಗೆ ಬಂದಿತ್ತು. ಮಾವ ನಮ್ಮನ್ನು ತಲುಪಲು ಒಂದು ವಾರಕ್ಕಿಂತ ಹೆಚ್ಚು ಬೇಕಾಯಿತು. ಅವರ ಯಜಮಾನರು ಹೆಂಡತಿ ಮಕ್ಕಳೊಂದಿಗೆ ಬೇಸಿಗೆ ಕಳೆಯಲು ಲಂಡನ್ನಿಗೆ ಹೋದವರು ಅಲ್ಲಿಯೇ ಉಳಿದಿದ್ದರು. ಕೆಲಸದ ಹೆಂಗಸೂ ಹೊರಟುಹೋಗಿದ್ದಳು. ರುಮೈಥಿಯಾದ ಮನೆಯಲ್ಲಿ ಯಜಮಾನರ ತಾಯಿ ಮಾತ್ರ. ಮಾವ ಅವರನ್ನು ಅಲ್ಲಿಯವರಂತೆ 'ಯುಮ್ಮಾ', ಅಂದರೆ ಅಮ್ಮ, ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಹುಣ್ಣಾಗಿ ಹಾಸಿಗೆ ಹಿಡಿದಿದ್ದ ಮುದುಕಿ.

ಸೆಪ್ಟೆಂಬರಿನಲ್ಲಿ ನಮಗೆ ಬಸ್ಸು ಸಿಕ್ಕಿತು. ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನ್‌ಗೆ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಾವ ಒಂದು ಚೀಲ ಖರ್ಜೂರ, ಎರಡು ಕ್ಯಾನು ನೀರು ತಂದರು. ಅಂಗಿಯ ಜೇಬಿನಲ್ಲಿ, ಯಾವಾಗಲೂ ಯಜಮಾನರ ಕಪಾಟಿನಲ್ಲಿರುತ್ತಿದ್ದ ಅವರ ಪಾಸ್‌ಪೋರ್ಟ್ ಕಾಣುತ್ತಿತ್ತು.

"ಪಾಸ್‌ಪೋರ್ಟ್ ಕೈಗೆ ಬಂತಲ್ಲ, ಇನ್ನೆಂತ? ಚೀಲ ಕಟ್ಟು," ಎಂದರು ಅಮ್ಮ.

"ಅದನ್ನು ಕೊಟ್ಟದ್ದೇ ಯುಮ್ಮಾ, ಅಕ್ಕ. ಕಪಾಟಿನ ಬೀಗದ ಕೈ ನನಗೇ ಕೊಟ್ಟು, ತೆಗೆದುಕೊಂಡು ಹೋಗು ಮಗನೇ ಅಂದ್ರು."

"ಹೋಗು ಅಂದ್ರಲ್ಲ! ಮತ್ತೆ? ಅವರೇನು ನಿನ್ನ ಅಮ್ಮನಾ?"

"ಅಲ್ಲ. ಆದರೆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಕಾಲಿಗೆ ದಿನಾ ಔಷಧಿ ಕಟ್ಟಬೇಕು."

ಅಪ್ಪ ಮಧ್ಯೆ ಬಂದು ಗಟ್ಟಿಯಾಗಿ ವಾದಿಸತೊಡಗಿದರು: ಯುದ್ಧ ಖಂಡಿತ ಆಗುತ್ತದೆ, ಆಮೇಲೆ ಬಸ್ಸೂ ಇಲ್ಲ, ದಾರಿಯೂ ಇಲ್ಲ, ಊರಲ್ಲಿ ಹೆಂಡತಿ ಇದ್ದಾಳೆ. ಮಾವ ಎಲ್ಲವನ್ನೂ ಕೇಳಿ, "ಹೋದ ಸಲ ನೀವು ಗೆದ್ದಿರಿ ಭಾವ. ಈ ಸಲ ದಾರಿ ಬಿಡಿ," ಎಂದರು.

"ಅದು ಆಟ ಮಾರಾಯ!" ಎಂದರು ಅಪ್ಪ. "ಶಾರದೆಗೆ ನಾನು ಎಂತ ಹೇಳುವುದು?"

ಮಾವ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ನಿಂತರು. "ಮುಖ ನೆನಪುಂಟು ಅಂತ ಹೇಳಿ. ಮೂಗಿನ ಎಡಗಡೆ ಸಣ್ಣ ಕಲೆ ಉಂಟು, ನಗುವಾಗ ಅದು ಮೇಲೆ ಹೋಗ್ತದೆ. ಅವತ್ತು ಅಷ್ಟು ಜನರ ಮುಂದೆ ಹೇಳ್ಲಿಕ್ಕೆ ನಾಚಿಕೆಯಾಯ್ತು."

ಊರಿಗೆ ಬಂದ ಮೇಲೆ ಅಪ್ಪ ಮುಲ್ಕಿಗೆ ಹೋಗಿ ಶಾರದತ್ತೆಗೆ ಆ ಮಾತನ್ನು ಹಾಗೆಯೇ ಮುಟ್ಟಿಸಿದರು. ಎಷ್ಟು ಕರೆದರೂ ಮತ್ತೆ ಯಾವ ಕೂಟದಲ್ಲೂ ಅರ್ಥ ಹೇಳಲಿಲ್ಲ.

೧೯೯೧ರ ಆಗಸ್ಟಿನಲ್ಲಿ ಅಪ್ಪ ಒಬ್ಬರೇ ಕೆಲಸಕ್ಕೆಂದು ಕುವೈತಿಗೆ ಮರಳಿದಾಗ ಫಹಾಹೀಲ್‌ನ ನಮ್ಮ ಮನೆಯಲ್ಲಿ ಬಾಗಿಲುಗಳೂ ಇರಲಿಲ್ಲ. ರುಮೈಥಿಯಾದ ಮನೆಗೆ ಯಜಮಾನರು ಬಂದಿದ್ದರು. ಅವರಿಗೂ ನೆರೆಮನೆಯವರು ಹೇಳಿದಷ್ಟೇ ಗೊತ್ತು. ಜನವರಿಯಲ್ಲಿ ಬಾಂಬು ಬೀಳಲು ಶುರುವಾದ ಮೇಲೆ ಮುದುಕಿ ತೀರಿಕೊಂಡರು. ಕಬರಸ್ತಾನಕ್ಕೆ ಹೊತ್ತ ನಾಲ್ವರಲ್ಲಿ ಒಬ್ಬರು ಮಾವ. ಮರುದಿನ ಅವರು ಮನೆಗೆ ಬೀಗ ಹಾಕಿ, ಬೀಗದ ಕೈಗಳನ್ನು ನೆರೆಮನೆಗೆ ಒಪ್ಪಿಸಿ, "ಖಲಾಸ್, ಊರಿಗೆ ಹೋಗ್ತೇನೆ" ಎಂದು ಬಿಳಿ ಕಾರಿನಲ್ಲಿ ಉತ್ತರಕ್ಕೆ, ಬಸ್ರಾದ ದಾರಿ ಹಿಡಿದರು. ಯಜಮಾನರು ಅಪ್ಪನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲವಂತೆ. ರಾಯಭಾರ ಕಚೇರಿಯಲ್ಲಿ, ಬಸ್ರಾದ ಕಡೆಯಿಂದ ಬಂದವರಲ್ಲಿ, ಅಮ್ಮಾನ್‌ನ ಶಿಬಿರದಲ್ಲಿದ್ದವರಲ್ಲಿ ವಿಚಾರಿಸಿದ್ದಾಯಿತು. ಕಾರೂ ಸಿಗಲಿಲ್ಲ.

ಮಾವನ ಪುಸ್ತಕದ ವೀರರಿಗೆ ಒಂದು ಅನುಕೂಲವಿತ್ತು. ಅವರು ಎಲ್ಲಿ ಬಿದ್ದರೂ ಹಾಡುವವನೊಬ್ಬ ಅದನ್ನು ತಿಳಿದುಕೊಂಡಿರುತ್ತಿದ್ದ. ಮಾವ ಹೊರಟು ಬರುವ ಜನವರಿಗೆ ಹನ್ನೆರಡು ವರ್ಷ ತುಂಬುತ್ತದೆ. ಅಷ್ಟು ಕಾಲ ಸುದ್ದಿಯಿಲ್ಲದವರನ್ನು ತೀರಿಕೊಂಡರೆಂದೇ ಎಣಿಸಿ, ದರ್ಭೆಯಲ್ಲಿ ಆಕೃತಿ ಮಾಡಿ ಸುಟ್ಟು ಉತ್ತರಕ್ರಿಯೆ ನಡೆಸುವುದು ನಮ್ಮಲ್ಲಿ ಪದ್ಧತಿ. ಹಿರಿಯರು ದಿನ ನೋಡುತ್ತಿದ್ದಾರೆ. ಮೊನ್ನೆ ಶಾರದತ್ತೆ ಶಾಲೆಯಿಂದ ನೇರ ನಮ್ಮಲ್ಲಿಗೆ ಬಂದು, "ನಾನು ಕಾದು ಕೂತವಳಲ್ಲ ಮಗಾ, ದಿನಾ ಪಾಠ ಮಾಡಿ ಉಂಡವಳು. ಆದರೆ ಹುಲ್ಲಿಗೆ ಬೆಂಕಿ ಕೊಡುವ ಮೊದಲು ಒಮ್ಮೆ ಕೇಳಿ ನೋಡು. ನೀನು ಎಲ್ಲ ಬರೆದಿಡ್ತೀಯಲ್ಲ," ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ೧೯೯೧ರ ಜನವರಿ ಕೊನೆಯಲ್ಲಿ ಕುವೈತಿನಿಂದ ಬಸ್ರಾ ಕಡೆಗೆ ಹೋದವರು, ಅಲ್ಲಿನ ಆಸ್ಪತ್ರೆಗಳಲ್ಲಿ, ಗಡಿಯ ಶಿಬಿರಗಳಲ್ಲಿ ಇದ್ದವರು ನಿಮ್ಮಲ್ಲಿ ಯಾರಾದರೂ ಇರಬಹುದು. ಆಗ ಮೂವತ್ತೈದರ ಆಸುಪಾಸಿನ, ತೆಳ್ಳಗೆ ಎತ್ತರವಾದ, ಯಾರು ಸಿಕ್ಕರೂ ವಾದಕ್ಕೆ ಎಳೆಯುತ್ತಿದ್ದ ಮುಲ್ಕಿಯ ವಾಸು ಎಂಬವರನ್ನು ಕಂಡಿದ್ದರೆ, ಅವರ ಬಗ್ಗೆ ಕೇಳಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಬದುಕಿದ್ದಾರೆ ಎಂದೇ ಬರೆಯಬೇಕಾಗಿಲ್ಲ. ಎಲ್ಲಿಯವರೆಗೆ ಬಂದಿದ್ದರು ಎಂದು ತಿಳಿದರೂ ಸಾಕು ಎಂದು ಅತ್ತೆ ಹೇಳಿದ್ದಾರೆ.