ರುದ್ರಪ್ಪನವರ ಊಟದ ಟೇಬಲ್ಲು

ನೆದರ್ಲೆಂಡ್ಸಿನ ನೈಮೆಗನ್ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ರುದ್ರಪ್ಪನವರದು ಹನ್ನೊಂದು ವರ್ಷದ ಕೆಲಸ. ರೋಣದ ಕಡೆಯವರು, ಮಾತು ಕಡಿಮೆ, ಆಡಿದರೆ ನೇರ. ಮಧ್ಯಾಹ್ನ ಕ್ಯಾಂಟೀನಿನ ಕಿಟಕಿ ಪಕ್ಕ ಐದು ಜನ ಕನ್ನಡಿಗರು ಒಟ್ಟಿಗೆ ಉಣ್ಣುತ್ತಿದ್ದರು. ಅವರಲ್ಲಿ ರುದ್ರಪ್ಪನವರೇ ಹಿರಿಯರು.

ಆ ಐವರಲ್ಲಿ ಮೈಸೂರಿನ ಹುಡುಗನೆಂದೇ ಎಲ್ಲರೂ ತಿಳಿದಿದ್ದ ಇಂಜಿನಿಯರ್ ಒಂದು ಸೋಮವಾರ ವಿಭಾಗಕ್ಕೆಲ್ಲ ಮೇಲ್ ಬರೆದಳು: ನಾನು ಹೆಣ್ಣು, ಇನ್ನು ಮುಂದೆ ಶ್ರಾವ್ಯ ಎಂದು ಕರೆಯಿರಿ.

ಅಂದೇ ರುದ್ರಪ್ಪನವರ ಬಾಯಿಂದ ಹಳೆಯ ಹೆಸರು ಬಂದುಬಿಟ್ಟಿತು. "ತಪ್ಪಾತು, ಶ್ರಾವ್ಯ," ಎಂದವರೇ ಕೈಕೊಟ್ಟಿದ್ದ ಯಂತ್ರದ ಮಾತಿಗೆ ಹೋದರು.

ಊಟಕ್ಕೆ ಅವಳು ಟೇಬಲ್ಲಿಗೆ ಬರಲಿಲ್ಲ, ದೂರದ ಮೂಲೆಯಲ್ಲಿ ಒಬ್ಬಳೇ ಕೂತಳು. ಕಿಟಕಿ ಪಕ್ಕದ ಟೇಬಲ್ಲಿನಲ್ಲಿದ್ದ ಕೌಶಲ್ ಅವಳ ನಡಿಗೆಯನ್ನು ಅಣಕಿಸಿ ಕನ್ನಡದಲ್ಲಿ ಏನೋ ಅಂದ. ಉಳಿದಿಬ್ಬರು ನಕ್ಕರು. ಪಕ್ಕದ ಡಚ್ಚರಿಗೆ ಏನೂ ತಿಳಿಯಲಿಲ್ಲ.

"ಕನ್ನಡದಾಗ ಅಂದ್ರ ಯಾರಿಗೂ ತಿಳಿಯಂಗಿಲ್ಲ ಅಂತ ಮಾಡೀಯೇನು?" ಎಂದರು ರುದ್ರಪ್ಪ. "ನನಗ ತಿಳೀತದ."

"ಸುಮ್ನೆ ತಮಾಷೆಗೆ ಸಾರ್."

"ಹಂಗಾದ್ರ ಆಕಿ ಮುಂದ ಹೇಳು. ಆಕೀನೂ ನಗಲಿ."

ರುದ್ರಪ್ಪ ಬುತ್ತಿ ಎತ್ತಿಕೊಂಡು ಶ್ರಾವ್ಯಳ ಬಳಿ ಹೋದರು. "ಇಲ್ಲಿ ಕೂಡ್ಲೇನವಾ? ಒಬ್ಬಾಕೀನ ಇರಬೇಕಂದ್ರ ಹೇಳು, ಹೋಗ್ತೀನಿ."

"ಕೂತ್ಕೊಳ್ಳಿ ಸಾರ್." ತನ್ನ ಡಬ್ಬಿ ಸರಿಸಿ ಜಾಗ ಮಾಡುತ್ತ ಅಂದಳು: "ಡಚ್‌ನಲ್ಲಿ ನಕ್ಕಿದ್ರೆ ಇಷ್ಟು ನೋಯ್ತಿರ್ಲಿಲ್ಲ. ನಮ್ಮ ಭಾಷೇಲೇ ನಗ್ತಾರಲ್ಲ."

ರುದ್ರಪ್ಪ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ ಅವಳತ್ತ ಸರಿಸಿದರು. "ನಾ ಅವರಿಗೆ ಇನ್ನೂ ಹೇಳ್ಲೇನು, ಸುಮ್ಮನಿರ್ಲೇನು? ನೀ ಹೆಂಗಂತಿ ಹಂಗ."

"ನಾನಿಲ್ಲದಾಗ ನೀವು ಹೇಳಿ. ಇದ್ದಾಗ ನಾನೇ ಹೇಳ್ತೀನಿ."

ಮೂರು ವಾರ ಇಬ್ಬರೂ ಅಲ್ಲೇ ಉಂಡರು. ನಾಲ್ಕನೆಯ ವಾರ ಶ್ರಾವ್ಯ ತಾನಾಗಿಯೇ ಡಬ್ಬಿ ಹಿಡಿದು ಎದ್ದಳು. "ಬನ್ನಿ ಸಾರ್, ಆ ಕಿಟಕಿ ನಮ್ದೂ ಹೌದು." ಕೌಶಲ್ ಕುರ್ಚಿ ಸರಿಸಿ, "ಸಾರಿ, ಶ್ರಾವ್ಯ," ಎಂದ. "ಆಯ್ತು. ಇನ್ನೊಮ್ಮೆ ಬೇಡ," ಎಂದು ಅವಳು ಕೂತಳು. ಅಂದು ನಕ್ಕಿದ್ದ ಇಬ್ಬರಲ್ಲಿ ಒಬ್ಬನಾದ ಚೇತನ್ ಮಾತ್ರ ಮರುದಿನದಿಂದ ಬೇರೆ ಕಡೆ ಕೂರತೊಡಗಿದ. ಯಾರೂ ಅವನನ್ನು ಕರೆಯಲು ಹೋಗಲಿಲ್ಲ.

ಮುಂದಿನ ವರ್ಷ, ಸಹೋದ್ಯೋಗಿಗಳಿಗೆ ಬೆಂಬಲವಾಗಿ ನಿಲ್ಲುವುದು ಹೇಗೆಂದು ಮಾತಾಡಲು ಆಫೀಸಿನವರು ರುದ್ರಪ್ಪನವರನ್ನು ಕರೆದರು. "ನನಗೇನು ಗೊತ್ತದ? ಆಕೀನ್ನ ಕೇಳೂಣು," ಎಂದು ಶ್ರಾವ್ಯಳನ್ನು ಒಪ್ಪಿಸಿದರು. ಅವಳು ಅರ್ಧ ಗಂಟೆ ಮಾತಾಡಿದಳು. ಎರಡನೇ ಸಾಲಿನಲ್ಲಿ ಕೂತಿದ್ದ ರುದ್ರಪ್ಪ ಕನ್ನಡಕ ಏರಿಸಿಕೊಂಡು, ತಮಗೆ ತಿಳಿಯದಿದ್ದುದನ್ನೆಲ್ಲ ಬರೆದುಕೊಂಡರು.